ಮೂಗು ಹಿಡಿದು ಒಳಗೆ ಬರುವ ವೈರಸ್

(ಮಂಡ್ಯದ ಒಂದು ಕಾಲೇಜಿನ ಸಭಾಂಗಣದಲ್ಲಿ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಊರಿನವರ ಮುಂದೆ, ಏಡ್ಸ್ ತರುವ ಎಚ್‌ಐವಿ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಒಂದು ಕಡೆ ಕಿಟಕಿಯಿಂದ ಆಲೆಮನೆ ವಾಸನೆ ಬಂತು. ಆಲೆಮನೆ ಕಾಣಿಸಲಿಲ್ಲ, ಹೊಗೆಯೂ ಕಾಣಿಸಲಿಲ್ಲ. ಆದರೂ ನಾಲ್ಕೈದು ಜನ ಒಟ್ಟಿಗೆ ಎಡಕ್ಕೆ ತಿರುಗಿದರು. ಪಕ್ಕದಲ್ಲಿದ್ದ ಹಿರಿಯರು "ಪಾಕ ಬಂದದೆ, ಇನ್ನೇನ್ ಇಳುಸ್ತರೆ" ಅಂದರು. ಎಲ್ಲಿದೆ ಅನ್ನುವುದು ಮಾತ್ರವಲ್ಲ, ಕೊಪ್ಪರಿಗೆಯಲ್ಲಿ ಏನು ನಡೆಯುತ್ತಿದೆ ಅನ್ನುವುದನ್ನೂ ಮೂಗೇ ಹೇಳಿಬಿಟ್ಟಿತು.

ನಿಮ್ಮ ರಕ್ತದಲ್ಲಿ ಓಡಾಡುವ ಬಿಳಿ ಕಣಗಳ ಕೆಲಸವೂ ಹೀಗೇ. ಅವಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಗದ್ದೆಯಲ್ಲಿ ಕಾಲಿಗೆ ಮುಳ್ಳು ಚುಚ್ಚಿತು ಅಂದುಕೊಳ್ಳಿ. ಅಲ್ಲಿನ ಜೀವಕೋಶಗಳು ಸಣ್ಣ ಸಣ್ಣ ಪ್ರೋಟೀನುಗಳನ್ನು ಹೊರಗೆ ಬಿಡುತ್ತವೆ. ಅವಕ್ಕೆ ಕೀಮೋಕೈನ್ ಅಂತ ಹೆಸರು. ಮುಳ್ಳಿನ ಹತ್ತಿರ ಜಾಸ್ತಿ, ದೂರ ಹೋದಷ್ಟೂ ಕಡಿಮೆ. ಬಿಳಿ ಕಣ ರಕ್ತನಾಳದ ಗೋಡೆಗೆ ಉರುಳಿಕೊಂಡು ಹೋಗುತ್ತಿರುತ್ತದೆ. ಈ ವಾಸನೆ ಬಡಿದ ಕೂಡಲೇ ಅಲ್ಲೇ ಕಚ್ಚಿ ನಿಲ್ಲುತ್ತದೆ, ಗೋಡೆಯ ಸಂದಿಯಲ್ಲಿ ತೂರಿ, ವಾಸನೆ ಎತ್ತ ಜಾಸ್ತಿಯೋ ಅತ್ತ ಹೋಗುತ್ತದೆ. ಮಾರನೆಯ ದಿನ ಕಾಲು ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅದು ಹೀಗೆ ಬಂದು ಸೇರಿದವರ ಜಾತ್ರೆ.

ಮನುಷ್ಯನಲ್ಲಿ ಇಂಥ ಕೀಮೋಕೈನುಗಳು ಸುಮಾರು 50 ಇವೆ. ಅವುಗಳನ್ನು ಹಿಡಿಯುವ ಗ್ರಾಹಕಗಳು, ಅಂದರೆ ರಿಸೆಪ್ಟರುಗಳು, ಸುಮಾರು 20. ನಾನು ಅವನ್ನು ಮೂಗು ಅಂತಲೇ ಕರೆಯುತ್ತೇನೆ. ಸುಮ್ನೆ ಚೆಂದಕ್ಕೆ ಹೇಳುತ್ತಿಲ್ಲ. ಈ ರಿಸೆಪ್ಟರು ಒಂದು ಉದ್ದ ದಾರದಂತಿದ್ದು, ಕೋಶದ ಪೊರೆಯನ್ನು ಏಳು ಸಲ ಒಳಗೆ ಹೊರಗೆ ಹೊಲಿದ ಹಾಗೆ ಕೂತಿರುತ್ತದೆ. ನಮ್ಮ ನಿಜವಾದ ಮೂಗಿನಲ್ಲಿ ಮಲ್ಲಿಗೆ ವಾಸನೆ ಹಿಡಿಯುವ ರಿಸೆಪ್ಟರುಗಳದ್ದೂ ಇದೇ ಏಳು ಹೊಲಿಗೆಯ ವಿನ್ಯಾಸ. ಇಬ್ಬರೂ ಒಂದೇ ದೊಡ್ಡ ಕುಟುಂಬದವರು.

ಒಂದೊಂದು ಕೋಶಕ್ಕೆ ಒಂದೊಂದು ಬಗೆಯ ಮೂಗು. ಸಿಸಿಆರ್7 ಇದ್ದರೆ ಕೋಶ ದುಗ್ಧಗ್ರಂಥಿಗೆ ಹೋಗುತ್ತದೆ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದೆ ಅಂತೀವಲ್ಲ, ಆ ಗ್ರಂಥಿ. ಸಿಸಿಆರ್9 ಇದ್ದರೆ ಸಣ್ಣ ಕರುಳಿನ ಕಡೆ. ಇವತ್ತಿನ ಕಥೆಗೆ ಎರಡು ಮೂಗು ಮುಖ್ಯ: ಸಿಸಿಆರ್5 ಮತ್ತು ಸಿಎಕ್ಸ್‌ಸಿಆರ್4. ಹೆಸರು ಬಾಯಿಪಾಠ ಮಾಡಬೇಡಿ. ಐದನೇ ಮೂಗು, ನಾಲ್ಕನೇ ಮೂಗು ಅಂದರೆ ಸಾಕು.

ಈಗ ಎಚ್‌ಐವಿಗೆ ಬರೋಣ. 1983ರಲ್ಲಿ ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿ ವೈರಸ್ ಸಿಕ್ಕಿತು. ಮರುವರ್ಷವೇ, ಅದು ಕೆಲವು ಬಿಳಿ ಕಣಗಳ ಮೇಲಿರುವ ಸಿಡಿ4 ಅನ್ನುವ ಪ್ರೋಟೀನನ್ನು ಹಿಡಿದು ಒಳಗೆ ಹೋಗುತ್ತದೆ ಅಂತ ಗೊತ್ತಾಯಿತು. ಎಚ್‌ಐವಿ ಇರುವವರಿಗೆ "ಸಿಡಿ4 ಎಷ್ಟಿದೆ" ಅಂತ ಕೇಳುತ್ತಾರಲ್ಲ, ಅದೇ ಸಿಡಿ4. ಆಶಾ ಕಾರ್ಯಕರ್ತೆಯರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಬಾಗಿಲು ಸಿಕ್ಕಿತು, ಕಥೆ ಮುಗಿಯಿತು ಅಂದುಕೊಂಡರು. ಆದರೆ ಒಂದು ಸಣ್ಣ ಪ್ರಯೋಗ ಎಲ್ಲರ ತಲೆ ಕೆಡಿಸಿತು. ಇಲಿಯ ಕೋಶಕ್ಕೆ ಮನುಷ್ಯನ ಸಿಡಿ4 ಅಂಟಿಸಿದರು. ವೈರಸ್ ಬಂತು, ಸಿಡಿ4 ಹಿಡಿದುಕೊಂಡಿತು, ಅಲ್ಲೇ ನಿಂತಿತು. ಒಳಗೆ ಹೋಗಲೇ ಇಲ್ಲ. ಮನುಷ್ಯನ ಕೋಶದಲ್ಲಿ ಇರುವ, ಇಲಿಯ ಕೋಶದಲ್ಲಿ ಇಲ್ಲದ ಇನ್ನೊಂದು ಏನೋ ಬೇಕಿತ್ತು. ಅದನ್ನು ಹುಡುಕಲು ಹತ್ತು ವರ್ಷ ಹಿಡಿಯಿತು.

ಅತ್ತ ಇನ್ನೊಂದು ಒಗಟು ಇತ್ತು. 1986ರಲ್ಲಿ ಅಮೆರಿಕದ ಜೇ ಲೆವಿ ಮತ್ತು ಜೊತೆಗಾರರು ಒಂದು ವಿಷಯ ಗಮನಿಸಿದ್ದರು. ಸಿಡಿ8 ಅನ್ನುವ ಬಿಳಿ ಕಣಗಳು ಪಕ್ಕದಲ್ಲಿದ್ದರೆ, ಸೋಂಕು ತಗುಲಿದ ಕೋಶಗಳನ್ನು ಕೊಲ್ಲದೆಯೇ ವೈರಸ್ಸನ್ನು ಅಡಗಿಸುತ್ತಿದ್ದವು. ಏನನ್ನೋ ಹೊರಗೆ ಬಿಡುತ್ತಿವೆ ಅನ್ನುವುದು ಸ್ಪಷ್ಟ. ಏನದು? 1995ರ ಡಿಸೆಂಬರಿನಲ್ಲಿ ರಾಬರ್ಟ್ ಗ್ಯಾಲೋ ಅವರ ಪ್ರಯೋಗಾಲಯದಿಂದ ಒಂದು ಉತ್ತರ ಬಂತು. ಸಿಡಿ8 ಕಣಗಳು ಬಿಡುವ ಮೂರು ಪ್ರೋಟೀನುಗಳು ವೈರಸ್ಸನ್ನು ತಡೆಯುತ್ತವೆ, ಆ ಮೂರೂ ಕೀಮೋಕೈನುಗಳು. ವಾಸನೆಯ ಕಣಕ್ಕೂ ವೈರಸ್ಸಿಗೂ ಏನು ಜಗಳ? ಅದು ಆರೇ ತಿಂಗಳಲ್ಲಿ ಬಿಡಿಸಿಕೊಂಡಿತು.

1996ರ ಮೇ ತಿಂಗಳಲ್ಲಿ ಎಡ್ವರ್ಡ್ ಬರ್ಗರ್ ಅವರ ತಂಡ ಆ "ಇನ್ನೊಂದು ಏನೋ" ಸಿಕ್ಕಿತು ಅಂತ ಪ್ರಕಟಿಸಿತು. ಪೊರೆಗಳನ್ನು ಬೆಸೆಯಲು ಬೇಕಾದದ್ದು ಅಂತ ಅದಕ್ಕೆ ಫ್ಯೂಸಿನ್ ಅಂತ ಹೆಸರಿಟ್ಟರು. ನೋಡಿದರೆ ಏಳು ಹೊಲಿಗೆಯ ಮೂಗು, ನಮ್ಮ ನಾಲ್ಕನೇ ಮೂಗು. ಜೂನ್ ತಿಂಗಳಲ್ಲಿ ಐದು ತಂಡಗಳು ಬೇರೆ ಬೇರೆಯಾಗಿ ಐದನೇ ಮೂಗನ್ನು ಹಿಡಿದು ತಂದವು. ಮೂರು ಕೀಮೋಕೈನುಗಳು ವೈರಸ್ಸನ್ನು ತಡೆದದ್ದು ಯಾಕೆ ಅಂತ ಈಗ ತಿಳಿಯಿತು. ಅವು ಬಂದು ಕೂರುವ ಜಾಗ ಅದೇ ಐದನೇ ಮೂಗು. ಅವು ಕೂತಿದ್ದರೆ ವೈರಸ್ಸಿಗೆ ಜಾಗವಿಲ್ಲ. ಅಷ್ಟೇ ಅಲ್ಲ, ವಾಸನೆ ಹಿಡಿದ ಮೂಗನ್ನು ಕೋಶ ಸ್ವಲ್ಪ ಹೊತ್ತು ಒಳಗೆ ಎಳೆದುಕೊಂಡುಬಿಡುತ್ತದೆ.

ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಬೀಗ, ಬೀಗದಕೈ ಅಂತ ಹೋಲಿಕೆ ಕೊಡುತ್ತಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಬೀಗ ಇರುವುದೇ ತೆಗೆಯುವುದಕ್ಕೆ. ಇಲ್ಲಿ ನಡೆಯುವುದು ಬೇರೆ. ನಾನು ಚಿಕ್ಕವನಿದ್ದಾಗ ತಿಂಗಳಿಗೊಂದು ಭಾನುವಾರ ಹರಳೆಣ್ಣೆ ಕುಡಿಸುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಅಜ್ಜಿ ಬಾಯಿಗೆ ಕೈಯೇ ಹಾಕುತ್ತಿರಲಿಲ್ಲ. ಒಂದು ಕೈಯಲ್ಲಿ ಗಲ್ಲ ಹಿಡಿದು, ಇನ್ನೊಂದು ಕೈಯಲ್ಲಿ ಮೂಗು ಹಿಡಿಯುತ್ತಿದ್ದರು. ಎಷ್ಟು ಹೊತ್ತು ತಡೆಯಲಾಗುತ್ತದೆ? ಬಾಯಿ ತಾನಾಗಿಯೇ ತೆರೆಯುತ್ತಿತ್ತು. ಪಕ್ಕದಲ್ಲಿದ್ದ ಚಿಕ್ಕಮ್ಮ ಒಳಲೆ ಬಗ್ಗಿಸಿಬಿಡುತ್ತಿದ್ದರು. ಮೂಗು ಹಿಡಿದರೆ ಬಾಯಿ ಬಿಡುತ್ತದೆ ಅನ್ನುವ ಗಾದೆಯನ್ನು ನಾನು ಓದಿ ಕಲಿತದ್ದಲ್ಲ.

ಎಚ್‌ಐವಿ ನನ್ನ ಅಜ್ಜಿಯ ಹಾಗೇ ಕೆಲಸ ಮಾಡುತ್ತದೆ. ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಮಿಲಿಮೀಟರಿನಲ್ಲಿ ಸುಮಾರು ಹತ್ತು ಸಾವಿರ ಎಚ್‌ಐವಿ ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಅದರ ಮೈಮೇಲೆ ಅಲ್ಲಲ್ಲಿ ಮೊಗ್ಗಿನಂಥ ಮುಳ್ಳುಗಳು. ಬಹಳ ಇಲ್ಲ, ಹತ್ತು ಹದಿನೈದು. ಪ್ರತಿ ಮೊಗ್ಗಿನ ತುದಿಯಲ್ಲಿ ಜಿಪಿ120 ಅನ್ನುವ ಪ್ರೋಟೀನು, ಅದರ ಬುಡದಲ್ಲಿ ಜಿಪಿ41. ಮೊದಲು ಜಿಪಿ120 ಹೋಗಿ ಸಿಡಿ4 ಹಿಡಿಯುತ್ತದೆ. ಇದು ಗಲ್ಲ ಹಿಡಿದದ್ದು. ಹಿಡಿದ ಕೂಡಲೇ ಮೊಗ್ಗು ಅರಳುತ್ತದೆ. ಇಷ್ಟು ಹೊತ್ತು ಮಡಚಿಕೊಂಡಿದ್ದ ಒಂದು ಕುಣಿಕೆ ಹೊರಗೆ ಬಂದು ಐದನೇ ಮೂಗನ್ನೋ ನಾಲ್ಕನೇ ಮೂಗನ್ನೋ ಹಿಡಿಯುತ್ತದೆ. ಆಗ ಬುಡದಲ್ಲಿದ್ದ ಜಿಪಿ41 ಬಾಣದಂತೆ ಚಿಮ್ಮಿ ಕೋಶದ ಪೊರೆಗೆ ಚುಚ್ಚಿಕೊಳ್ಳುತ್ತದೆ. ಆಮೇಲೆ ಮಧ್ಯಕ್ಕೆ ಮಡಚಿಕೊಳ್ಳುತ್ತದೆ. ಒಂದು ತುದಿ ವೈರಸ್ಸಿನಲ್ಲಿ, ಇನ್ನೊಂದು ತುದಿ ಕೋಶದಲ್ಲಿ. ಮಡಚಿದರೆ ಏನಾಗುತ್ತದೆ ಹೇಳಿ. ಎರಡೂ ಪೊರೆ ಹತ್ತಿರಕ್ಕೆ ಬಂದು, ಸಾರಿನ ಮೇಲೆ ತೇಲುವ ಎರಡು ಎಣ್ಣೆ ಹನಿ ಸೇರಿಕೊಂಡ ಹಾಗೆ ಒಂದಾಗಿಬಿಡುತ್ತವೆ.

ಅರಳುವ ಮೊದಲು ಆ ಕುಣಿಕೆ ಬಚ್ಚಿಟ್ಟುಕೊಂಡಿರುತ್ತದೆ ಅಂದೆನಲ್ಲ, ಅದರಲ್ಲೇ ವೈರಸ್ಸಿನ ಜಾಣತನ ಇರುವುದು. ಮೂಗು ಹಿಡಿಯುವ ಕೈ ಮೊದಲಿನಿಂದಲೂ ಹೊರಗೇ ಇದ್ದಿದ್ದರೆ ನಮ್ಮ ಪ್ರತಿಕಾಯಗಳು ಅದನ್ನೇ ಹಿಡಿದು ಹಾಕುತ್ತಿದ್ದವು. ಲಸಿಕೆ ಮಾಡುವವರು ಇಷ್ಟು ವರ್ಷ ಒದ್ದಾಡುತ್ತಿರುವುದಕ್ಕೆ ಇದೂ ಒಂದು ಕಾರಣ.

ಒಬ್ಬರಿಂದ ಒಬ್ಬರಿಗೆ ದಾಟುವ ವೈರಸ್ ಹೆಚ್ಚಾಗಿ ಐದನೇ ಮೂಗು ಹಿಡಿಯುವಂಥದ್ದು. ವರ್ಷಗಳು ಕಳೆದ ಮೇಲೆ ಕೆಲವರಲ್ಲಿ ಅದು ನಾಲ್ಕನೆಯದಕ್ಕೆ ಬದಲಾಗುತ್ತದೆ, ಆಗ ಕಾಯಿಲೆ ಬೇಗ ಏರುತ್ತದೆ. ನಮ್ಮ ದೇಶದಲ್ಲಿ ಜಾಸ್ತಿ ಇರುವುದು ಸಿ ಉಪಜಾತಿಯ ಎಚ್‌ಐವಿ. ಅದು ಬಹುಮಟ್ಟಿಗೆ ಐದನೇ ಮೂಗಿಗೇ ಅಂಟಿಕೊಂಡಿರುತ್ತದೆ.

ಐದನೇ ಮೂಗಿರುವ ಸಿಡಿ4 ಕಣಗಳು ಎಲ್ಲಿ ಜಾಸ್ತಿ ಇವೆ ಗೊತ್ತಾ? ರಕ್ತದಲ್ಲಲ್ಲ, ಕರುಳಿನ ಗೋಡೆಯಲ್ಲಿ. ಸೋಂಕು ತಗುಲಿದ ಮೊದಲ ಕೆಲವೇ ವಾರಗಳಲ್ಲಿ ಅಲ್ಲಿನ ಸೈನ್ಯ ಬಹುಪಾಲು ನೆಲ ಕಚ್ಚುತ್ತದೆ. ಆ ಮನುಷ್ಯನಿಗೆ ಒಂದು ಜ್ವರ ಬಂದು ಹೋಗಿರಬಹುದು, ಅಷ್ಟೇ.

ಇನ್ನೂ ಬೇಜಾರಿನ ಸಂಗತಿ ಇದೆ. ವೈರಸ್ ಬಂದ ಕಡೆ ನಮ್ಮದೇ ಕೋಶಗಳು ಕೀಮೋಕೈನ್ ಬಿಟ್ಟು ಕೂಗುತ್ತವೆ. ಕೂಗಿಗೆ ಓಡಿ ಬರುವವರು ಯಾರು? ಐದನೇ ಮೂಗಿರುವ ಕಣಗಳು, ಅಂದರೆ ವೈರಸ್ಸಿಗೆ ಬೇಕಾದವರೇ. ಕಳ್ಳ ಬಂದ ಅಂತ ಕೂಗಿದರೆ ಊರವರು ಒಡವೆ ಹಾಕಿಕೊಂಡೇ ಓಡಿ ಬಂದ ಹಾಗೆ. ಕೋತಿಗಳಲ್ಲಿ ಅವುಗಳ ಎಚ್‌ಐವಿಯಂಥ ವೈರಸ್ಸಿನಿಂದ ಪ್ರಯೋಗ ಮಾಡಿದಾಗ ಇದು ಚೆನ್ನಾಗಿ ಕಂಡಿದೆ. ಹಾಗಾದರೆ ಕೀಮೋಕೈನು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಬೇಡಿ. ಮೂಗಿಗೆ ಅಡ್ಡ ಕೂತು ವೈರಸ್ಸನ್ನು ತಡೆಯುವುದೂ ಅದೇ, ವೈರಸ್ಸಿಗೆ ಊಟ ಕರೆತರುವುದೂ ಅದೇ. ಎಲ್ಲಿ, ಯಾವಾಗ, ಎಷ್ಟು ಅನ್ನುವುದರ ಮೇಲೆ ನಿಂತಿದೆ.

ಈಗ ಮೂಗೇ ಇಲ್ಲದವರ ಕಥೆ. ಮತ್ತೆ ಮತ್ತೆ ಎಚ್‌ಐವಿಯ ಎದುರು ಬಿದ್ದರೂ ಸೋಂಕು ತಗುಲದ ಕೆಲವರು ಇದ್ದರು. 1996ರಲ್ಲೇ ಅವರಲ್ಲಿ ಕೆಲವರ ಗುಟ್ಟು ಬಯಲಾಯಿತು. ಅವರ ಸಿಸಿಆರ್5 ಜೀನಿನಲ್ಲಿ 32 ಅಕ್ಷರ ಬಿಟ್ಟುಹೋಗಿತ್ತು. ಅದಕ್ಕೆ ಡೆಲ್ಟಾ 32 ಅಂತ ಹೆಸರು. ಜೀನನ್ನು ಕೋಶ ಮೂರು ಮೂರು ಅಕ್ಷರವಾಗಿ ಓದುತ್ತದೆ. ಬೋರ್ಡಿನ ಮೇಲೆ ಬರೆದಿದ್ದೇನೆ ನೋಡಿ: "ಅವಳ ಮಗಳ ಕೊರಳ ಸರವ". ಮೂರು ಮೂರಕ್ಷರದ ನಾಲ್ಕು ಮಾತು. ಮೊದಲಿನ ಎರಡು ಅಕ್ಷರ ಅಳಿಸಿ, ಮತ್ತೆ ಮೂರು ಮೂರಾಗಿ ಓದಿ: "ಳಮಗ ಳಕೊರ ಳಸರ ವ". ಮಗಳೂ ಹೋದಳು, ಸರವೂ ಹೋಯಿತು! ಮೂರು ಅಕ್ಷರ ಅಳಿಸಿದ್ದರೆ "ಅವಳ" ಮಾತ್ರ ಹೋಗುತ್ತಿತ್ತು, ಉಳಿದದ್ದು ಸರಿಯಿರುತ್ತಿತ್ತು. ಮೂವತ್ತೆರಡನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ಹಾಗಾಗಿ ಅಲ್ಲಿಂದ ಮುಂದೆ ಎಲ್ಲ ಕಲಸುಮೇಲೋಗರ. ತುಂಡು ಪ್ರೋಟೀನು ಕೋಶದ ಒಳಗೇ ಉಳಿಯುತ್ತದೆ, ಹೊರಗೆ ಮೂಗು ಬರುವುದೇ ಇಲ್ಲ.

ಅಪ್ಪ ಅಮ್ಮ ಇಬ್ಬರಿಂದಲೂ ಇದೇ ಜೀನು ಬಂದಿದ್ದರೆ ಐದನೇ ಮೂಗು ಹಿಡಿಯುವ ವೈರಸ್ಸಿಗೆ ದಾರಿ ಬಂದ್. ಒಬ್ಬರಿಂದ ಮಾತ್ರ ಬಂದಿದ್ದರೆ ಸೋಂಕು ತಗುಲುತ್ತದೆ, ಆದರೆ ಕಾಯಿಲೆ ನಿಧಾನ. ಯುರೋಪಿನ ಮೂಲದವರಲ್ಲಿ ನೂರಕ್ಕೆ ಸುಮಾರು ಹತ್ತು ಜನರಲ್ಲಿ ಒಂದು ಪ್ರತಿ, ನೂರಕ್ಕೆ ಸುಮಾರು ಒಬ್ಬರಲ್ಲಿ ಎರಡೂ ಪ್ರತಿ ಇರುತ್ತದೆ. ನಮ್ಮಲ್ಲಿ ಬಹಳ ಅಪರೂಪ.

ಅಲ್ಲಿ ಅಷ್ಟು ಜಾಸ್ತಿ ಯಾಕೆ ಅನ್ನುವುದಕ್ಕೆ ಹಿಂದೆ ಪ್ಲೇಗ್ ಅಂತ ಒಂದು ಊಹೆ ಇತ್ತು. ಸಿಡುಬು ಅಂತ ಇನ್ನೊಂದು. ಇಲ್ಲಿ ಮೊದಲ ಸಾಲಿನಲ್ಲಿ ಒಬ್ಬರು ಕೈ ಎತ್ತಿ ಕೇಳಿದರು: ಮೈಸೂರಿಗೂ ಪ್ಲೇಗ್ ಬಂದಿತ್ತಲ್ಲ ಸಾರ್, ನಮಗೆ ಯಾಕೆ ಬರಲಿಲ್ಲ? ಒಳ್ಳೆ ಪ್ರಶ್ನೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. ಮೈಸೂರಿನ ಬೀದಿಗಳು ಅಗಲವಾದದ್ದರ ಹಿಂದೆಯೂ ಆ ಹೆದರಿಕೆ ಇದೆ. ಆದರೆ ಕಾಯಿಲೆ ಹೊಸ ಜೀನನ್ನು ಹುಟ್ಟಿಸುವುದಿಲ್ಲ. ಆಕಸ್ಮಿಕವಾಗಿ ಯಾರಲ್ಲೋ ಹುಟ್ಟಿದ್ದನ್ನು ಉಳಿಸಬಹುದು, ಅಷ್ಟೇ. ಅಲ್ಲದೆ 2004ರಲ್ಲಿ ಸಿಸಿಆರ್5 ಇಲ್ಲದ ಇಲಿಗಳಿಗೆ ಪ್ಲೇಗ್ ಕೊಟ್ಟು ನೋಡಿದರು. ಮೂಗಿಲ್ಲದ್ದರಿಂದ ಅವಕ್ಕೇನೂ ರಕ್ಷಣೆ ಸಿಗಲಿಲ್ಲ.

ದಾರಿ ತಪ್ಪಿದ್ದೇ ತಪ್ಪಿದೆ, ಇನ್ನೊಂದು ಹೇಳಿಬಿಡುತ್ತೇನೆ. ಮೂಗು ಹಿಡಿಯುವ ಉಪಾಯ ಎಚ್‌ಐವಿ ಒಂದರದ್ದೇ ಅಲ್ಲ. ನಾಲೆ ನೀರು ಬಂದ ಹೊಸದರಲ್ಲಿ ಈ ಸೀಮೆಯಲ್ಲಿ ಮಲೇರಿಯಾ ಕಾಟ ಹೇಗಿತ್ತು ಅಂತ ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಮಲೇರಿಯಾದಲ್ಲಿ ವೈವಾಕ್ಸ್ ಅನ್ನುವ ಜಾತಿ ಇದೆ. ಅದು ಕೆಂಪು ರಕ್ತಕಣದ ಒಳಗೆ ಹೋಗಲು ಹಿಡಿಯುವುದು ಡಫಿ ಅನ್ನುವ ಪ್ರೋಟೀನನ್ನು. ಅದೂ ಕೀಮೋಕೈನ್ ಹಿಡಿಯುವ ಮೂಗೇ! ಪಶ್ಚಿಮ ಆಫ್ರಿಕಾದಲ್ಲಿ ಬಹುತೇಕ ಜನರ ಕೆಂಪು ಕಣದ ಮೇಲೆ ಅದಿಲ್ಲ, ಹಾಗಾಗಿ ಅಲ್ಲಿ ವೈವಾಕ್ಸ್ ಬಹಳ ಕಡಿಮೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪರಾವಲಂಬಿಗಳು ಒಂದೇ ಬಗೆಯ ಹಿಡಿಕೆಗೆ ಕೈ ಹಾಕಿವೆ ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಸರಿ, ಬರ್ಲಿನ್‌ಗೆ ಹೋಗೋಣ. ಟಿಮೊಥಿ ರೇ ಬ್ರೌನ್ ಅನ್ನುವ ಅಮೆರಿಕದವರು ಅಲ್ಲಿದ್ದರು. ಎಚ್‌ಐವಿ ಇತ್ತು, ಮೇಲೆ ರಕ್ತದ ಕ್ಯಾನ್ಸರೂ ಬಂತು. ಕ್ಯಾನ್ಸರಿಗಾಗಿ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು, ಅಂದರೆ ರಕ್ತದ ಕಣಗಳನ್ನೆಲ್ಲ ಹುಟ್ಟಿಸುವ ಮೂಲಕೋಶಗಳನ್ನು, ಕಸಿ ಮಾಡಬೇಕಿತ್ತು. ವೈದ್ಯ ಗೆರೋ ಹ್ಯೂಟರ್ ಒಂದು ಹೆಜ್ಜೆ ಮುಂದೆ ಯೋಚಿಸಿದರು. ಹೇಗಿದ್ದರೂ ದಾನಿ ಬೇಕು, ಡೆಲ್ಟಾ 32 ಎರಡೂ ಪ್ರತಿ ಇರುವ ದಾನಿಯನ್ನೇ ಹುಡುಕೋಣ ಅಂತ. 2007ರಲ್ಲಿ ಕಸಿ ನಡೆಯಿತು. ಕ್ಯಾನ್ಸರ್ ಮರಳಿದ್ದರಿಂದ 2008ರಲ್ಲಿ ಮತ್ತೊಂದು. ಎಚ್‌ಐವಿ ಮಾತ್ರೆ ನಿಲ್ಲಿಸಿದರೂ ವೈರಸ್ ಮತ್ತೆ ಬರಲಿಲ್ಲ. 2020ರಲ್ಲಿ ಅವರು ತೀರಿಕೊಂಡದ್ದು ಕ್ಯಾನ್ಸರಿನಿಂದ, ಎಚ್‌ಐವಿಯಿಂದಲ್ಲ.

ಹಾಗಾದರೆ ಎಲ್ಲರಿಗೂ ಇದನ್ನೇ ಮಾಡಬಹುದಲ್ಲ ಅನ್ನಿಸುತ್ತದೆ ಅಲ್ವಾ? ಬೇಡ. ಈ ಕಸಿಯಲ್ಲಿ ಜೀವ ಹೋಗುವ ಅಪಾಯ ಸಣ್ಣದಲ್ಲ. ದಿನಕ್ಕೊಂದು ಮಾತ್ರೆಯಲ್ಲಿ ಹತೋಟಿಗೆ ಬರುವ ಕಾಯಿಲೆಗೆ ಯಾರೂ ಅದನ್ನು ಮಾಡುವುದಿಲ್ಲ. ಕ್ಯಾನ್ಸರ್ ಇದ್ದವರಿಗೆ ಮಾತ್ರ ಮಾಡಿದ್ದಾರೆ. ಜರ್ಮನಿಯಲ್ಲೇ ಇನ್ನೊಬ್ಬರಿಗೆ ಮಾಡಿದಾಗ ವೈರಸ್ ಮರಳಿ ಬಂತು. ಅವರೊಳಗೆ ನಾಲ್ಕನೇ ಮೂಗು ಹಿಡಿಯುವ ವೈರಸ್ ಮೊದಲೇ ಇತ್ತು. ಒಂದು ಮೂಗು ಕೊಯ್ದರೆ ಇನ್ನೊಂದು ಇದ್ದೇ ಇದೆ.

ಮಾತ್ರೆಯ ದಾರಿಯೂ ಇದೆ. 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮಾರಾವಿರಾಕ್. ಅದು ಮೂಗಿನ ಹೊಳ್ಳೆಗೆ ಹತ್ತಿ ತುರುಕಿದ ಹಾಗೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ವೈರಸ್ ಹಿಡಿಯುವುದು ಹೊರಗಡೆ. ಮಾತ್ರೆ ಹೋಗಿ ಕೂರುವುದು ಒಳಗಡೆ, ಆ ಏಳು ಹೊಲಿಗೆಗಳ ನಡುವಿನ ಗುಳಿಯಲ್ಲಿ. ಅಲ್ಲಿ ಕೂತು ಮೂಗನ್ನೇ ಸೊಟ್ಟ ಮಾಡುತ್ತದೆ. ವೈರಸ್ಸಿಗೆ ಗುರುತು ಸಿಗುವುದಿಲ್ಲ. ಆದರೆ ಕೊಡುವ ಮೊದಲು ವೈರಸ್ ಯಾವ ಮೂಗಿನದು ಅಂತ ಪರೀಕ್ಷೆ ಮಾಡಲೇಬೇಕು. ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ, ಅಂದರೆ ಎಚ್‌ಐವಿಗೆ ಔಷಧಿ ಕೊಡುವ ಕಡೆ, ಸಾಮಾನ್ಯವಾಗಿ ಕೊಡುವ ಟಿಎಲ್‌ಡಿ ಮಾತ್ರೆಗೆ ಮೂಗಿನ ಗೊಡವೆಯೇ ಇಲ್ಲ. ಅದರಲ್ಲಿರುವ ಮೂರೂ ಔಷಧಿ ಕೋಶದ ಒಳಗೆ ಹೋದ ವೈರಸ್ಸನ್ನು ತಡೆಯುತ್ತವೆ. ತಪ್ಪದೆ ತೆಗೆದುಕೊಂಡು, ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಒಂದು ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ಹೆಣ್ಣುಮಗಳ ಫೈಲಿನ ಮೇಲೆ ಎಚ್‌ಐವಿ ಇದೆ ಅಂತ ದಪ್ಪ ಕೆಂಪು ಅಕ್ಷರದಲ್ಲಿ ಬರೆದು ಎಲ್ಲರಿಗೂ ಕಾಣುವ ಹಾಗೆ ಮಂಚಕ್ಕೆ ನೇತುಹಾಕಿದ್ದನ್ನು ನಾನೇ ನೋಡಿದ್ದೇನೆ. 2017ರ ಎಚ್‌ಐವಿ ಕಾಯ್ದೆ ಬಂದ ಮೇಲೆ ಅದು ಕಾನೂನಿಗೂ ವಿರುದ್ಧ. ಆಕೆಯ ಅತ್ತೆ ಅದನ್ನು ಓದುತ್ತಾ ನಿಂತಿದ್ದರು.

2018ರ ನವೆಂಬರಿನಲ್ಲಿ ಚೀನಾದ ಹೆ ಜಿಯಾನ್‌ಕುಯಿ ಅನ್ನುವ ವಿಜ್ಞಾನಿ ಭ್ರೂಣದಲ್ಲೇ ಸಿಸಿಆರ್5 ಜೀನನ್ನು ಕತ್ತರಿಸಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಅಂತ ಪ್ರಕಟಿಸಿದರು. ಮರುವರ್ಷ ಅವರಿಗೆ ಮೂರು ವರ್ಷ ಜೈಲು ಆಯಿತು. ನನಗಂತೂ ಇದು ಶುದ್ಧ ಉದ್ಧಟತನ ಅನ್ನಿಸುತ್ತದೆ. ಎಚ್‌ಐವಿ ಇದ್ದದ್ದು ತಂದೆಗೆ. ವೀರ್ಯವನ್ನು ತೊಳೆದು ಬಳಸುವ ವಿಧಾನ ಆಗಲೇ ಇತ್ತು, ಮಗುವಿಗೆ ಸೋಂಕು ತಗುಲದಂತೆ ತಡೆಯಲು ಅಷ್ಟು ಸಾಕಿತ್ತು. ಕತ್ತರಿ ಬಿದ್ದದ್ದೂ ಡೆಲ್ಟಾ 32 ಇರುವ ರೀತಿಯಲ್ಲಲ್ಲ, ಬೇರೆ ರೀತಿಯಲ್ಲಿ. ಮೂಗು ಬೇಡದ್ದು ಅಂತ ಯಾರು ಹೇಳಿದರು? ಸೊಳ್ಳೆಯಿಂದ ಬರುವ ವೆಸ್ಟ್ ನೈಲ್ ವೈರಸ್ ಇದೆ, ನಮ್ಮ ದೇಶದಲ್ಲೂ ಇದೆ. ಐದನೇ ಮೂಗಿಲ್ಲದವರಿಗೆ ಆ ಸೋಂಕು ತಗುಲಿದರೆ ಕಾಯಿಲೆಯಾಗಿ ಕಾಡುವ ಸಂಭವ ಜಾಸ್ತಿ ಅಂತ 2006ರಲ್ಲೇ ಅಮೆರಿಕದಲ್ಲಿ ಕಂಡಿತ್ತು. ಮಿದುಳಿಗೆ ಸೋಂಕು ತಗುಲಿದಾಗ ಅಲ್ಲಿಗೆ ದಾರಿ ಹುಡುಕಿಕೊಂಡು ಹೋಗಲು ಬಿಳಿ ಕಣಗಳಿಗೆ ಆ ಮೂಗು ಬೇಕು.

ನಾಲ್ಕನೇ ಮೂಗಿನ ವಿಷಯದಲ್ಲಂತೂ ಈ ಯೋಚನೆಯೇ ಮಾಡುವ ಹಾಗಿಲ್ಲ. ಅದಿಲ್ಲದ ಇಲಿಮರಿ ಬದುಕುವುದೇ ಇಲ್ಲ. ನಮ್ಮ ಕಾಂಡಕೋಶಗಳು ಮೂಳೆಯ ಮಜ್ಜೆಯಲ್ಲಿ ಕದಲದೆ ಕೂತಿರುವುದು ಈ ಮೂಗಿನಿಂದ. ಅಲ್ಲಿನ ವಾಸನೆ ಅವನ್ನು ಹಿಡಿದಿಟ್ಟಿರುತ್ತದೆ. ಇದರ ಸುತ್ತ ಒಂದು ಒಳ್ಳೆಯ ಕಥೆ ಇದೆ. ಎಚ್‌ಐವಿ ತಡೆಯೋಣ ಅಂತ ಒಂದು ಔಷಧಿ ತಯಾರಿಸಿದ್ದರು. ಅದು ಮುಚ್ಚುವುದು ಈ ಮೂಗನ್ನೇ ಅಂತ ಆಮೇಲೆ ಗೊತ್ತಾಯಿತು. ಎಚ್‌ಐವಿಗೆ ಅದು ಆಗಿಬರಲಿಲ್ಲ. ಆದರೆ ಆರೋಗ್ಯವಂತರಿಗೆ ಕೊಟ್ಟು ನೋಡುವಾಗ ಅವರ ರಕ್ತದಲ್ಲಿ ಬಿಳಿ ಕಣ ಇದ್ದಕ್ಕಿದ್ದಂತೆ ಏರಿತು. ವಾಸನೆ ಸಿಗದೆ ಮಜ್ಜೆಯಲ್ಲಿದ್ದವರೆಲ್ಲ ಎದ್ದು ಬೀದಿಗೆ ಬಂದಿದ್ದರು. ಅದೇ ಔಷಧಿ, ಪ್ಲೆರಿಕ್ಸಾಫರ್, 2008ರಲ್ಲಿ ಬೇರೆ ಕೆಲಸಕ್ಕೆ ಒಪ್ಪಿಗೆ ಪಡೆಯಿತು. ಕಸಿಗೆ ಬೇಕಾದ ಕಾಂಡಕೋಶಗಳನ್ನು ಈಗ ಅದನ್ನು ಕೊಟ್ಟು ರಕ್ತಕ್ಕೆ ಇಳಿಸಿ ತೆಗೆದುಕೊಳ್ಳುತ್ತಾರೆ.

ಹಿಂದಿನ ಸಾಲಿನ ಹುಡುಗ ಚೀಟಿ ಕಳಿಸಿದ್ದಾನೆ: "ನನಗೆ ಡೆಲ್ಟಾ 32 ಇದೆಯಾ ಅಂತ ತಿಳಿಯುವುದು ಹೇಗೆ?" ಕಷ್ಟವೇನಲ್ಲ, ಪಿಸಿಆರ್ ಮಾಡಿದರೆ ಸಾಕು. ಜೀನಿನ ಆ ಭಾಗವನ್ನು ಮಾತ್ರ ನಕಲು ತೆಗೆದು, ಜೆಲ್ಲಿನಲ್ಲಿ, ಅಂದರೆ ಲೋಳೆಯಂಥ ತೆಳು ಹಲಗೆಯಲ್ಲಿ, ವಿದ್ಯುತ್ ಹರಿಸಿ ಓಡಿಸಬೇಕು. ಮಾಮೂಲಿ ಜೀನಿನ ತುಂಡು 189 ಅಕ್ಷರ ಬಂದರೆ ಡೆಲ್ಟಾ ತುಂಡು 157. ಚಿಕ್ಕ ತುಂಡು ಮುಂದೆ ಓಡುತ್ತದೆ. ಹಿಂದೆ ಒಂದು ಸಲ ವಿದ್ಯಾರ್ಥಿಗಳಿಗೆ ಕಲಿಸುವ ನೆಪದಲ್ಲಿ ನಮ್ಮ ಲ್ಯಾಬಿನ ಹನ್ನೊಂದು ಜನ ನಮ್ಮದೇ ರಕ್ತ ಕೊಟ್ಟು ಇದನ್ನು ಮಾಡಿದೆವು. ಸಂಜೆ ದೀಪ ಆರಿಸಿ, ನೇರಳೆ ಬೆಳಕಿನಲ್ಲಿ ಜೆಲ್ ಇಟ್ಟೆವು. ಹನ್ನೊಂದು ಗೆರೆಗಳು, ಒಂದೇ ಮಟ್ಟದಲ್ಲಿ, ಅಡ್ಡಗೆರೆ ಎಳೆದ ಹಾಗೆ. ಒಬ್ಬರದ್ದೂ ಮುಂದೆ ಓಡಿರಲಿಲ್ಲ. ನಾನು ಸ್ವಲ್ಪ ಸಪ್ಪೆಯಾದೆ. ನಮ್ಮ ಅಟೆಂಡರು ಬಗ್ಗಿ ನೋಡಿ, ಸೊಂಟದ ಮೇಲೆ ಕೈ ಇಟ್ಟುಕೊಂಡು, "ಎಲ್ಲಾರ್ದೂ ಮೂಗು ನೆಟ್ಗದೆ ಬುಡಿ ಸಾ" ಅಂದರು.